ಕೆಂಪು ಬಣ್ಣ ನೀರು ಕೊಡಲ್ಲ

ಕ್ಯಾಂಪಸ್ಸಿನಲ್ಲಿ ಅಲ್ಲಲ್ಲಿ ಒಂದು ಕೆಂಪು ಕಂಬ ನಿಂತಿರುತ್ತಲ್ಲ, ಸೊಂಟದ ಎತ್ತರಕ್ಕೆ, ಮೇಲೊಂದು ಚಕ್ರ, ಪಕ್ಕಕ್ಕೊಂದು ಬಾಯಿ, ಬಾಯಿಗೊಂದು ಮುಚ್ಚಳ? ಅದಕ್ಕೆ ಹೆಲ್ಮೆಟ್ ತೂಗುಹಾಕದವರು ಕಡಿಮೆ. ಹಾಸ್ಟೆಲ್ ಹಿಂದಿನದಕ್ಕಂತೂ ಟವೆಲ್ ಒಣಗಿಸುವ ಕೆಲಸ ಕಾಯಂ. ಅದು ಫೈರ್ ಹೈಡ್ರೆಂಟ್ ಅಂತ ಫಸ್ಟ್ ಇಯರ್‌ನವರಿಗೂ ಗೊತ್ತು. ಆದರೆ ಆ ಚಕ್ರ ಕೊನೇ ಸಲ ತಿರುಗಿದ್ದು ಯಾವಾಗ, ತಿರುಗಿಸಿದಾಗ ನಿಮಿಷಕ್ಕೆ ಎಷ್ಟು ಲೀಟರ್ ಬಂತು ಅಂತ ಕೇಳಿ ನೋಡಿ. ಬಣ್ಣ ಯಾವಾಗ ಹೊಡೆದರು ಅಂದ್ರೆ ಎಲ್ಲರೂ ಹೇಳ್ತಾರೆ: ತಪಾಸಣೆ ಸಮಿತಿ ಬರುವ ಹಿಂದಿನ ವಾರ.

ಈ ಲೇಖನ ಕ್ಯಾಂಪಸ್ಸಿನ ಕಂಬದ ಮೇಲೆ ಅಲ್ಲ. ಅದಕ್ಕೊಬ್ಬ ಧಣಿ ಇದ್ದಾನೆ, ಒಂದು ಪಂಪ್ ರೂಮ್ ಇದೆ, ಕೇಳಿದರೆ ಉತ್ತರ ಕೊಡಬೇಕಾದ ಒಂದು ಆಫೀಸಾದರೂ ಇದೆ. ಕ್ಲಬ್ಬಿನಲ್ಲಿರುವ ನಾವು ಕೆಲವರು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯವರು. ನಮ್ಮೂರ ಬೀದಿಯಲ್ಲಿ ಇಂಥ ಕಂಬ ಹುಡುಕಿದರೆ ಸಿಗೋದು ಕಷ್ಟ. ಸಿಕ್ಕರೂ ಅದರೊಳಗೆ ನೀರು ಇರುತ್ತೆ ಅಂತ ಯಾರೂ ಬಾಜಿ ಕಟ್ಟಲ್ಲ. ಹಾಗಾಗಿ ನಮ್ಮ ವಾದ ಸ್ವಲ್ಪ ಬೇರೆ. ಈ ಐದು ತಾಲ್ಲೂಕುಗಳಿಗೆ ಮೊದಲು ಬೇಕಾಗಿರೋದು ಇರುವ ನೀರಿನ ಜಾಗಗಳನ್ನ ಒಂದೊಂದಾಗಿ ಪರೀಕ್ಷೆ ಮಾಡಿ, ಅಳೆದು, ಅಳತೆಯನ್ನೇ ಬರೆದು ಗುರುತು ಹಾಕೋದು. ಹೊಸ ಕಂಬ ಆಮೇಲೆ. ಅಳೆಯದೆ ಗುರುತು ಹಾಕೋದಂತೂ ಬೇಡವೇ ಬೇಡ.

ಬೆಂಕಿ ನಮ್ಮ ಕಡೆ ಹೇಗೆ ಬೀಳುತ್ತೆ ಅಂತ ಮೊದಲು ಹೇಳ್ತೀವಿ, ಬೆಂಗಳೂರು ಮಂಗಳೂರಿನ ಗೆಳೆಯರಿಗೆ ಇದು ಹೊಸದು. ಸಿನಿಮಾದಲ್ಲಿ ತೋರಿಸೋ ಹಾಗೆ ಹತ್ತಂತಸ್ತಿನ ಕಟ್ಟಡ ನಮ್ಮಲ್ಲಿ ಇಲ್ಲ. ಇರೋದು ಕಬ್ಬು. ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಯುದ್ದಕ್ಕೂ ಕಬ್ಬು, ಕಾರ್ಖಾನೆಗಳ ಸುತ್ತಲೂ ಕಬ್ಬು. ನವೆಂಬರಿಂದ ಮಾರ್ಚ್‌ತನಕ ನುರಿಸುವ ಹಂಗಾಮು. ಅಷ್ಟೊತ್ತಿಗೆ ಕೆಳಗಿನ ಎಲೆ ಒಣಗಿ ರವದಿಯಾಗಿ ನೆಲಕ್ಕೆ ಹಾಸಿರುತ್ತೆ. ಮೇಲೆ ಕರೆಂಟಿನ ತಂತಿ ಜೋತುಬಿದ್ದಿರುತ್ತೆ. ಗಾಳಿಗೆ ಎರಡು ತಂತಿ ತಾಗಿ ಒಂದು ಕಿಡಿ ಬಿದ್ದರೆ ಮುಗೀತು. ಹನ್ನೆರಡು ತಿಂಗಳು ನೀರು ಹಾಯಿಸಿ ಬೆಳೆಸಿದ್ದು ಒಂದು ಮಧ್ಯಾಹ್ನದಲ್ಲಿ ಕರ್ರಗಾಗುತ್ತೆ. ಸುಟ್ಟ ಕಬ್ಬನ್ನ ಕಾರ್ಖಾನೆ ಬೇಗ ನುರಿಸದಿದ್ದರೆ ದಿನದಿನಕ್ಕೆ ತೂಕ ಇಳಿಯುತ್ತೆ, ಸಕ್ಕರೆ ಅಂಶ ಇಳಿಯುತ್ತೆ. ಹೊಲದ ಅಂಚಿಗೇ ಬಣವಿ, ದನದ ಕೊಟ್ಟಿಗೆ, ಅದರ ಪಕ್ಕಕ್ಕೆ ಮನೆ. ಇನ್ನು ನಿಪ್ಪಾಣಿ ಅಂದ್ರೆ ತಂಬಾಕು. ಒತ್ತಿ ಕಟ್ಟಿದ ತಂಬಾಕಿನ ಬೇಲು ಒಳಗೊಳಗೇ ಕುದಿಯುತ್ತೆ, ಮೇಲೆ ಆರಿದ ಹಾಗೆ ಕಂಡರೂ ಗಂಟೆಗಟ್ಟಲೆ ನೀರು ಕೇಳುತ್ತೆ.

ಫೈರ್ ಗಾಡಿ ಬರುತ್ತೆ. ಬರಲ್ಲ ಅಂತ ನಾವು ಹೇಳ್ತಿಲ್ಲ. ಅಗ್ನಿಶಾಮಕ ದಳದವರು ಹಂಗಾಮಿನ ಕಾಲದಲ್ಲಿ ಊಟಕ್ಕೆ ಕೂತವರು ಎದ್ದು ಓಡೋದನ್ನ ನಾವು ನೋಡಿದ್ದೀವಿ. ಗಾಡಿಯಲ್ಲಿ ಸಾಮಾನ್ಯವಾಗಿ 4,500 ಲೀಟರ್ ನೀರು. ಒಂದೇ ಪೈಪು ಬಿಚ್ಚಿ, ನಿಮಿಷಕ್ಕೆ 450 ಲೀಟರ್ ಹಾಯುವ ಒಂದೇ ನಾಜಲ್ ಹಿಡಿದರೂ ಹತ್ತು ನಿಮಿಷಕ್ಕೆ ಟ್ಯಾಂಕ್ ಖಾಲಿ. ಹನ್ನೊಂದನೇ ನಿಮಿಷದಿಂದ ಏನು? ಅಲ್ಲಿಂದಲೇ ನಮ್ಮ ವಿಷಯ ಶುರು.

ಒಂದು ಸಣ್ಣ ಲೆಕ್ಕ ಮಾಡೋಣ, ಕ್ಯಾಲ್ಕುಲೇಟರ್ ಬೇಕಿಲ್ಲ. ಗಾಡಿ ನೀರು ತುಂಬಿಸಿಕೊಳ್ಳೋಕೆ 8 ಕಿ.ಮೀ. ದೂರ ಹೋಗಬೇಕು ಅನ್ನಿ. ಹಂಗಾಮಿನಲ್ಲಿ ಜೋಡಿ ಟ್ರೇಲರ್ ಟ್ರ್ಯಾಕ್ಟರ್ ತುಂಬಿದ ನಮ್ಮ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ಹೋದರೆ ದೊಡ್ಡದು. ಹೋಗೋಕೆ 16, ಬರೋಕೆ 16 ನಿಮಿಷ. ಅಲ್ಲೊಂದು ಬೋರ್‌ವೆಲ್, ನಿಮಿಷಕ್ಕೆ 150 ಲೀಟರ್ ಕೊಡುತ್ತೆ. ತುಂಬೋಕೆ 30 ನಿಮಿಷ. ಹೊಡೆಯೋಕೆ 10. ಒಟ್ಟು 72 ನಿಮಿಷಕ್ಕೆ 4,500 ಲೀಟರ್, ಅಂದ್ರೆ ಸರಾಸರಿ ನಿಮಿಷಕ್ಕೆ 62 ಲೀಟರ್. ಎರಡು ಬಕೆಟ್ ಹಿಡಿದು ಓಡುವ ಮೂರು ಜನ ಅದಕ್ಕಿಂತ ಹೆಚ್ಚು ಎರಚ್ತಾರೆ. ಈಗ ಎರಡೇ ಕಿ.ಮೀ. ದೂರದಲ್ಲಿ, ಒಂದು ತೋಟದ ಹಿಂದೆ, ನಿಮಿಷಕ್ಕೆ 600 ಲೀಟರ್ ಸಿಗುವ ಜಾಗ ಇದೆ ಅಂತ ಡ್ರೈವರಿಗೆ ಗೊತ್ತಿತ್ತು ಅನ್ನಿ. ಹೋಗಿ ಬರೋಕೆ 8, ತುಂಬೋಕೆ ಏಳೂವರೆ, ಹೊಡೆಯೋಕೆ 10. ಇಪ್ಪತ್ತೈದೂವರೆ ನಿಮಿಷಕ್ಕೆ ಅದೇ 4,500 ಲೀಟರ್. ಸರಾಸರಿ ನಿಮಿಷಕ್ಕೆ 176 ಲೀಟರ್. ಗಾಡಿ ಅದೇ, ಜನ ಅವರೇ. ಕೆಲಸ ಹತ್ತಿರ ಹತ್ತಿರ ಮೂರು ಪಟ್ಟು. ವ್ಯತ್ಯಾಸ ಬಂದದ್ದು ಒಂದು ಮಾಹಿತಿಯಿಂದ.

ಆ ಮಾಹಿತಿ ಈಗ ಎಲ್ಲಿರುತ್ತೆ? ಒಬ್ಬ ಹಳೇ ಡ್ರೈವರ್ ತಲೆಯಲ್ಲಿ. ಅವರಿಗೆ ವರ್ಗಾವಣೆ ಆಯಿತು ಅಂದ್ರೆ ಮಾಹಿತಿಯೂ ಲಗೇಜಿನ ಜೊತೆ ಹೋಯಿತು. ಹೊಸಬರು ಬಂದ ಮೇಲೆ ಬೆಂಕಿಯ ಮುಂದೆ ನಿಂತು ಊರವರನ್ನ ಕೇಳಬೇಕು: "ಇಲ್ಲೆ ಎಲ್ಲೆರ ನೀರ ಸಿಗತೈತೇನ್ರಿ?" ಹತ್ತು ಜನ ಹತ್ತು ದಿಕ್ಕಿಗೆ ಕೈ ತೋರಿಸ್ತಾರೆ.

ಬೀದಿಯಲ್ಲಿ ಹೈಡ್ರೆಂಟ್ ಯಾಕಿಲ್ಲ ಅನ್ನೋ ಪ್ರಶ್ನೆಗೆ ಬರೋಣ. ನಮ್ಮ ದೇಶದಲ್ಲಿ ಹೈಡ್ರೆಂಟಿಗೆ ಮಾನಕ ಇಲ್ಲ ಅಂತಲ್ಲ. ನೆಲದ ಮೇಲೆ ನಿಲ್ಲೋದಕ್ಕೆ ಐಎಸ್ 908, ನೆಲದೊಳಗಿನದಕ್ಕೆ ಐಎಸ್ 909, ಹೊರಗಿನ ಹೈಡ್ರೆಂಟ್ ವ್ಯವಸ್ಥೆಯ ಅಳವಡಿಕೆ ನಿರ್ವಹಣೆಗೆ ಐಎಸ್ 13039. ಕಾಗದ ಗಟ್ಟಿ ಇದೆ. ತೊಂದರೆ ಇರೋದು ಪೈಪಿನೊಳಗೆ. ಹೈಡ್ರೆಂಟ್ ಅನ್ನೋದು ದಿನದ 24 ಗಂಟೆ ಒತ್ತಡ ಇರುವ ಕೊಳವೆಗೆ ಹುಟ್ಟಿದ ಕೂಸು. ನಮ್ಮ ಊರುಗಳಲ್ಲಿ ನೀರು ಸರದಿ ಮೇಲೆ ಬರುತ್ತೆ: ಇವತ್ತು ಈ ಓಣಿ, ನಾಳೆ ಆ ಓಣಿ. ವಾಲ್ವ್‌ಮನ್ ಕೀಲಿ ತಿರುಗಿಸಿದಾಗ ಮಾತ್ರ ಪೈಪಿಗೆ ಜೀವ. ಉಳಿದ ಹೊತ್ತು ಆ ಪೈಪಿಗೆ ಎಷ್ಟು ಕೆಂಪು ಕಂಬ ನೆಟ್ಟರೂ ಬರೋದು ಗಾಳಿ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ನಿರಂತರ ನೀರಿನ ಪ್ರಯೋಗ ಶುರುವಾಗಿ ವರ್ಷಗಳೇ ಆದವು. ನಿರಂತರ ನೀರು ಅಂದ ತಕ್ಷಣ ಎಲ್ಲರೂ ಅಡುಗೆಮನೆ ನಲ್ಲಿ ನೆನೀತಾರೆ. ಬೆಂಕಿ ಬಿದ್ದ ದಿನ ಅದರ ಬೆಲೆ ಇನ್ನೂ ಹೆಚ್ಚು, ಅದನ್ನ ಯೋಜನೆಯ ಲಾಭದ ಪಟ್ಟಿಯಲ್ಲಿ ಯಾರೂ ಬರೆಯಲ್ಲ.

ಸಿವಿಲ್‌ನವರು ವಾಟರ್ ಸಪ್ಲೈ ಪೇಪರಿಗೆ ಒಂದು ಸೂತ್ರ ಬಾಯಿಪಾಠ ಮಾಡಿರ್ತೀರಿ. ಕೇಂದ್ರದ ಸಿಪಿಎಚ್‌ಇಇಒ ಕೈಪಿಡಿ, 1999ರ ಆವೃತ್ತಿ: ಬೆಂಕಿ ಆರಿಸೋಕೆ ದಿನಕ್ಕೆ 100√ಪಿ ಕಿಲೋಲೀಟರ್, ಪಿ ಅಂದ್ರೆ ಸಾವಿರದ ಲೆಕ್ಕದಲ್ಲಿ ಜನಸಂಖ್ಯೆ. ಎರಡು ಮಾರ್ಕಿನ ಪ್ರಶ್ನೆ. ಅದರ ಜೊತೆಗಿರುವ ಷರತ್ತನ್ನ ಮಾತ್ರ ನಾವು ಪರೀಕ್ಷೆಯಲ್ಲಿ ಹಾರಿಸ್ತೀವಿ: 50,000ಕ್ಕಿಂತ ದೊಡ್ಡ ಊರುಗಳಿಗೆ. ಈಗ ನಮ್ಮೂರುಗಳಿಗೆ ಹಚ್ಚಿ ನೋಡಿ. 2011ರ ಜನಗಣತಿಯಲ್ಲಿ ನಿಪ್ಪಾಣಿ ಪಟ್ಟಣ 62 ಸಾವಿರ ದಾಟಿತ್ತು. ಸೂತ್ರದ ಪ್ರಕಾರ ದಿನಕ್ಕೆ ಸುಮಾರು 790 ಕಿಲೋಲೀಟರ್. ಅದರಲ್ಲಿ ಮೂರನೇ ಒಂದು ಭಾಗ, ಅಂದಾಜು 2 ಲಕ್ಷ 60 ಸಾವಿರ ಲೀಟರ್, ಊರಿನ ನೀರಿನ ಟ್ಯಾಂಕುಗಳಲ್ಲೇ ಬೆಂಕಿಗಂತ ಇರಬೇಕು. ಉಳಿದದ್ದು ಆಯಕಟ್ಟಿನ ಜಾಗಗಳ ತೊಟ್ಟಿಗಳಲ್ಲಿ. ಅಥಣಿ ಅದೇ ಗಣತಿಯಲ್ಲಿ 50 ಸಾವಿರದ ಗೆರೆಗೆ ಸ್ವಲ್ಪವೇ ಕೆಳಗೆ ಉಳಿಯಿತು. ಚಿಕ್ಕೋಡಿ, ರಾಯಬಾಗ, ಕಾಗವಾಡ ಗೆರೆಯ ಹತ್ತಿರವೂ ಇಲ್ಲ. ಅಂದ್ರೆ ಐದರಲ್ಲಿ ಒಂದೇ ಊರಿಗೆ ಸೂತ್ರ ಅನ್ವಯ. ಉಳಿದ ಊರುಗಳ ಬೆಂಕಿ ಸಿಲೆಬಸ್‌ನ ಹೊರಗೆ.

ಹಳ್ಳಿಗೆ ಬಂದರೆ ಇನ್ನೂ ಕಷ್ಟ. 2019ರಲ್ಲಿ ಘೋಷಣೆಯಾದ ಜಲ ಜೀವನ್ ಮಿಷನ್ ಮನೆಮನೆಗೆ ನಲ್ಲಿ ಕೊಡ್ತಿದೆ, ತಲೆಗೆ ದಿನಕ್ಕೆ 55 ಲೀಟರ್ ಲೆಕ್ಕ. ಒಳ್ಳೇದೇ. ಕೊಡ ಹೊತ್ತು ಹೊತ್ತು ಬೆನ್ನು ನೋಯಿಸಿಕೊಂಡ ನಮ್ಮ ಅವ್ವಂದಿರನ್ನ ಕೇಳಿದರೆ ಬೆಲೆ ಗೊತ್ತಾಗುತ್ತೆ. ಆದರೆ ಕುಡಿಯುವ ನೀರಿನ ಲೆಕ್ಕದಲ್ಲಿ ಹಾಕಿದ ಪೈಪು ಬೆಂಕಿಗೆ ಒದಗಲ್ಲ, ಇದನ್ನ ಹೇಜನ್-ವಿಲಿಯಮ್ಸ್ ಸೂತ್ರವೇ ಹೇಳುತ್ತೆ. ಓಣಿಯಲ್ಲಿ ಹಾಯುವ 63 ಮಿ.ಮೀ. ಎಚ್‌ಡಿಪಿಇ ಪೈಪು, ಒಳವ್ಯಾಸ 55 ಮಿ.ಮೀ. ಅಂತ ಇಟ್ಟುಕೊಳ್ಳಿ. ಅದರಲ್ಲಿ ನಿಮಿಷಕ್ಕೆ 450 ಲೀಟರ್ ಎಳೆದರೆ ಪ್ರತಿ 100 ಮೀಟರಿಗೆ 18 ಮೀಟರ್ ಹೆಡ್ ಘರ್ಷಣೆಗೇ ಹೋಗುತ್ತೆ. ನಮ್ಮ ಹಳ್ಳಿಯ ಓವರ್‌ಹೆಡ್ ಟ್ಯಾಂಕಿನ ಕಂಬಗಳೇ ಅಷ್ಟು ಎತ್ತರ ಇರಲ್ಲ! ಅದೇ ನೀರನ್ನ 150 ಮಿ.ಮೀ. ಪೈಪಿನಲ್ಲಿ ಎಳೆದರೆ 100 ಮೀಟರಿಗೆ ಹೋಗೋದು 14 ಸೆಂಟಿಮೀಟರ್ ಮಾತ್ರ. ವ್ಯಾಸದ ಘಾತ 4.87 ಅಂತ ಬರೆದು ಅಂಡರ್‌ಲೈನ್ ಮಾಡ್ತೀವಲ್ಲ, ಅದರ ಅರ್ಥ ಇದು. ಹಾಗಾಗಿ ಓಣಿ ಪೈಪಿನ ಮೇಲೆ ಹೈಡ್ರೆಂಟ್ ಕೂರಿಸಿ ಅಂತ ಯಾರಾದರೂ ಮನವಿ ಕೊಟ್ಟರೆ ನಾವೇ ವಿರೋಧಿಸ್ತೀವಿ. ಫೋಟೋಗೆ ಚೆನ್ನಾಗಿರುತ್ತೆ, ಗಾಡಿಗೆ ಬರಲ್ಲ.

ಇದು ಯಾರ ಜವಾಬ್ದಾರಿ ಅಂತ ಹುಡುಕಿದರೆ ತಮಾಷೆ ಕಾಣುತ್ತೆ. ಸಂವಿಧಾನದ 12ನೇ ಅನುಸೂಚಿ, ಅಂದ್ರೆ ನಗರಾಡಳಿತದ ಪಟ್ಟಿ: 5ನೇ ಬಾಬತ್ತು ನೀರು ಸರಬರಾಜು, 7ನೇ ಬಾಬತ್ತು ಅಗ್ನಿಶಾಮಕ ಸೇವೆ. ಎರಡೂ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಕೂತಿವೆ. ನಮ್ಮ ರಾಜ್ಯದಲ್ಲಿ ಆಗಿರೋದೇನು ಅಂದ್ರೆ ನೀರಿನ ಪೈಪು ಪುರಸಭೆ, ನಗರಸಭೆ, ಪಟ್ಟಣ ಪಂಚಾಯಿತಿಯ ಕೈಲಿ. ಫೈರ್ ಗಾಡಿ ಗೃಹ ಇಲಾಖೆಯಡಿಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಕೈಲಿ. ಹೈಡ್ರೆಂಟ್ ಅನ್ನೋದು ಒಬ್ಬರ ಪೈಪಿನ ಮೇಲೆ ಇನ್ನೊಬ್ಬರಿಗಾಗಿ ನಿಲ್ಲಬೇಕಾದ ವಸ್ತು. ಅತ್ತೆಮನೆ ತವರುಮನೆ ನಡುವೆ ಸಿಕ್ಕ ಸೊಸೆಯ ಹಾಗೆ. ಇನ್ನು ಪಂಚಾಯಿತಿಗಳ 11ನೇ ಅನುಸೂಚಿಯ 29 ಬಾಬತ್ತುಗಳನ್ನ ಓದಿ ನೋಡಿ. ಕುಡಿಯುವ ನೀರು ಇದೆ, ಅಗ್ನಿಶಾಮಕ ಇಲ್ಲವೇ ಇಲ್ಲ. ನಮ್ಮ ಐದು ತಾಲ್ಲೂಕಿನಲ್ಲಿ ಕಬ್ಬು ಬೆಳೆಯೋದು ಹಳ್ಳಿಯಲ್ಲಿ.

ಗುರುತು ಹೇಗಿರಬೇಕು ಅನ್ನೋದಕ್ಕೆ ಹೊರಗಿನ ಎರಡು ಉದಾಹರಣೆ ನೋಡೋಣ, ಎರಡೂ ಉಪಯೋಗಕ್ಕೆ ಬರುತ್ತವೆ. ಬ್ರಿಟನ್ನಿನಲ್ಲಿ ಹೈಡ್ರೆಂಟ್ ನೆಲದೊಳಗಿರುತ್ತೆ. ಪಕ್ಕದ ಗೋಡೆಗೋ ಕಂಬಕ್ಕೋ ಹಳದಿ ಫಲಕ, ಅದರ ಮೇಲೆ ಕಪ್ಪು 'ಎಚ್' ಅಕ್ಷರ. ಅಕ್ಷರದ ಮೇಲ್ಭಾಗದ ಅಂಕಿ ಪೈಪಿನ ವ್ಯಾಸ, ಮಿ.ಮೀ.ನಲ್ಲಿ, ಕೆಳಗಿನ ಅಂಕಿ ಫಲಕದಿಂದ ಹೈಡ್ರೆಂಟ್ ಎಷ್ಟು ಮೀಟರ್ ದೂರ ಅಂತ. ಎರಡೇ ಅಂಕಿ, ಕತ್ತಲಲ್ಲೂ ಕೆಲಸ ಆಗುತ್ತೆ. ಅಮೆರಿಕದಲ್ಲಿ ಎನ್‌ಎಫ್‌ಪಿಎ 291 ಅನ್ನೋ ಶಿಫಾರಸಿನ ಪ್ರಕಾರ ಹೈಡ್ರೆಂಟಿನ ಟೋಪಿಗೆ ಬಣ್ಣ ಹೊಡೆಯೋದು ನೀರಿನ ಪ್ರಮಾಣ ಅಳೆದ ಮೇಲೆ. ನಿಮಿಷಕ್ಕೆ 1,500 ಗ್ಯಾಲನ್, ಅಂದ್ರೆ ಸುಮಾರು 5,700 ಲೀಟರ್ ಮತ್ತು ಮೇಲಿದ್ದರೆ ತಿಳಿನೀಲಿ. ಆಮೇಲೆ ಹಸಿರು, ಕಿತ್ತಳೆ. 500 ಗ್ಯಾಲನ್ನಿಗಿಂತ, ಅಂದ್ರೆ ಸುಮಾರು 1,900 ಲೀಟರಿಗಿಂತ ಕಡಿಮೆ ಇದ್ದರೆ ಕೆಂಪು. ಅವರಲ್ಲಿ ಕೆಂಪು ಅಂದ್ರೆ "ಇಲ್ಲಿ ನೀರು ಕಡಿಮೆ, ಹುಷಾರು". ನಾವು ಎಲ್ಲದಕ್ಕೂ ಕೆಂಪು ಬಳಿದು ಕೈತೊಳ್ಕೋತೀವಿ.

ಅಳತೆ ಅಂದಾಗ ಒಂದು ಸೂಕ್ಷ್ಮ ಇದೆ, ಮೆಕ್ಯಾನಿಕಲ್‌ನವರಿಗೆ ಬೇಗ ಹಿಡಿಸುತ್ತೆ. ಹೈಡ್ರೆಂಟಿಗೆ ಗೇಜ್ ಹಚ್ಚಿ, ನೀರು ಹರಿಸದೆ ಒತ್ತಡ ಓದಿ, "ಮೂರು ಬಾರ್ ಐತ್ರಿ, ಫಸ್ಟ್‌ಕ್ಲಾಸ್" ಅಂತ ರಿಜಿಸ್ಟರಿನಲ್ಲಿ ಬರೆದರೆ ಅದು ಪರೀಕ್ಷೆ ಅಲ್ಲ. ಅರ್ಧ ಮುಚ್ಚಿದ ವಾಲ್ವಿನ ಹಿಂದೆಯೂ, ತುಕ್ಕು ಕಟ್ಟಿ ಕೈಬೆರಳಷ್ಟು ತೂತು ಉಳಿದ ಪೈಪಿನಲ್ಲೂ ನಿಂತ ನೀರಿನ ಒತ್ತಡ ಸರಿಯಾಗೇ ತೋರಿಸುತ್ತೆ. ನೀರು ಹರಿಯೋಕೆ ಬಿಟ್ಟಾಗ ಒತ್ತಡ ಎಷ್ಟು ಉಳಿಯುತ್ತೆ ಅನ್ನೋದೇ ಪ್ರಶ್ನೆ. ಅದಕ್ಕೇ ಅಮೆರಿಕದ ಆ ಬಣ್ಣಗಳು ಹರಿವಿನ ಲೆಕ್ಕ, ಪೈಪಿನಲ್ಲಿ 20 ಪಿಎಸ್‌ಐ ಉಳಿದಿರುವಾಗ ಎಷ್ಟು ಬರುತ್ತೆ ಅಂತ.

ಇವೆಲ್ಲ ನಿರಂತರ ನೀರಿರುವ ದೇಶಗಳ ಪದ್ಧತಿ, ಹಾಗೇ ಎತ್ತಿ ತಂದರೆ ನಮ್ಮಲ್ಲಿ ನಡೆಯಲ್ಲ. ತೆಗೆದುಕೊಳ್ಳಬೇಕಾದ್ದು ಒಂದೇ: ಗುರುತಿನ ಮೇಲೆ ಅಳೆದ ಅಂಕಿ ಇರಬೇಕು. ನಮ್ಮ ಕಡೆಯ ನಿಜವಾದ ಹೈಡ್ರೆಂಟ್‌ಗಳು ಯಾವುವು ಅಂತ ನಾವು ಪಟ್ಟಿ ಮಾಡ್ತಾ ಕೂತಾಗ ಬಂದದ್ದು ಇವು: ಓವರ್‌ಹೆಡ್ ಟ್ಯಾಂಕಿನ ವಾಶ್‌ಔಟ್ ವಾಲ್ವ್, ನದಿ ದಂಡೆಯ ಜಾಕ್‌ವೆಲ್, ಹೊಲದ ತೆರೆದ ಬಾವಿ, ಕೃಷಿ ಹೊಂಡ, ರಾಯಬಾಗ ಕಡೆ ಘಟಪ್ರಭಾ ಎಡದಂಡೆ ಕಾಲುವೆಯ ಕವಲು, ಸಕ್ಕರೆ ಕಾರ್ಖಾನೆಯ ತೊಟ್ಟಿ, ಪಂಪ್‌ಸೆಟ್ ಇರುವ ಬೋರ್‌ವೆಲ್. ಇವುಗಳಿಗೆ ಫಲಕ ಹಾಕೋದಾದರೆ ಏನೇನು ಬರೀಬೇಕು?

ಮೊದಲನೇದು, ನಿಮಿಷಕ್ಕೆ ಎಷ್ಟು ಲೀಟರ್. ಅಳೆಯೋಕೆ ಪಿಟೋ ಗೇಜ್ ಬೇಕಿಲ್ಲ, 500 ಲೀಟರಿನ ಸಿಂಟೆಕ್ಸ್ ಟ್ಯಾಂಕ್, ಮೊಬೈಲಿನ ಸ್ಟಾಪ್‌ವಾಚ್ ಸಾಕು.

ಎರಡನೇದು ನಾವು ಬಹಳ ಹೊತ್ತು ವಾದ ಮಾಡಿ ಕಂಡುಕೊಂಡದ್ದು: ಕರೆಂಟ್ ಬೇಕಾ, ಬೇಡವಾ? ಕಬ್ಬಿಗೆ ತಂತಿಯಿಂದ ಬೆಂಕಿ ಬಿತ್ತು ಅಂದ ತಕ್ಷಣ ಎಲ್ಲರೂ ಮೊದಲು ಮಾಡೋ ಕೆಲಸ ಹೆಸ್ಕಾಂಗೆ ಫೋನ್ ಮಾಡಿ ಲೈನ್ ತೆಗೆಸೋದು. ತೆಗೆಸಲೇಬೇಕು. ತೆಗೆದ ಕ್ಷಣಕ್ಕೆ ಆ ಫೀಡರಿನ ಮೇಲಿರುವ ಅಷ್ಟೂ ಬೋರ್‌ವೆಲ್ ಬಂದ್. ಹತ್ತಿರದ ನೀರೆಲ್ಲ ಒಮ್ಮೆಲೇ ಸತ್ತುಹೋಗುತ್ತೆ, ಬೇಕಾದ ಹೊತ್ತಿಗೇ. ಅದಲ್ಲದೆ ಪಂಪ್‌ಸೆಟ್ಟಿನ ತ್ರೀಫೇಸ್ ಬರೋದೂ ಪಾಳಿ ಮೇಲೆ. ಹೀಗಾಗಿ ನಿಮಿಷಕ್ಕೆ 300 ಲೀಟರ್ ಕೊಡುವ ಬೋರ್‌ವೆಲ್ಲಿಗಿಂತ, ಅಷ್ಟೇ ಕೊಡುವ ಓವರ್‌ಹೆಡ್ ಟ್ಯಾಂಕ್ ಎಷ್ಟೋ ಮೇಲು, ಅದಕ್ಕೆ ಭೂಮಿಯ ಗುರುತ್ವ ಸಾಕು. ಫಲಕದ ಮೇಲೆ ಒಂದು ಮಿಂಚಿನ ಚಿಹ್ನೆ ಇದ್ದರೆ 'ಕರೆಂಟ್ ಇದ್ದರೆ ಮಾತ್ರ' ಅಂತ ಎಲ್ಲರಿಗೂ ತಿಳಿಯುತ್ತೆ.

ಮೂರನೇದು ಆಳ. ಫೈರ್ ಗಾಡಿಯ ಪಂಪು ಬಾವಿಯಿಂದಲೋ ನದಿಯಿಂದಲೋ ನೀರು ಮೇಲೆತ್ತೋದು ವಾತಾವರಣದ ಒತ್ತಡದ ಬಲದಿಂದ. ಪುಸ್ತಕದಲ್ಲಿ 10.3 ಮೀಟರ್, ರಸ್ತೆಯ ಮೇಲೆ, ಹಳೇ ಸಕ್ಷನ್ ಪೈಪಿನಲ್ಲಿ, 7 ಮೀಟರ್ ಸಿಕ್ಕರೆ ಪುಣ್ಯ. ಅಥಣಿಯ ಪೂರ್ವಕ್ಕೆ ಬರದ ಸೀಮೆ, ಬೇಸಿಗೆಯಲ್ಲಿ ಬಾವಿಯ ನೀರು ಎಷ್ಟು ಕೆಳಗಿರುತ್ತೆ ಅಂತ ಬಗ್ಗಿ ನೋಡಿದವರಿಗೆ ಗೊತ್ತು. ನೀರು ಕಾಣುತ್ತೆ, ಗಾಡಿಗೆ ಎಟುಕಲ್ಲ. ಕೃಷ್ಣೆಯ ಎತ್ತರದ ದಂಡೆಯ ಮೇಲೆ ನಿಂತರೂ ಅದೇ ಪ್ರಶ್ನೆ. 2019ರಲ್ಲಿ, 2021ರಲ್ಲಿ ಕೃಷ್ಣೆ ತಾನೇ ನಮ್ಮ ಮನೆ ಬಾಗಿಲಿಗೆ ಬಂದಿದ್ದಳು. ಹಾಗಂತ ಆಗಸ್ಟಿನಲ್ಲಿ ಹೋಗಿ "ನೀರು ಭರಪೂರ" ಅಂತ ಬರೆದು ಬಂದರೆ ಏನು ಪ್ರಯೋಜನ? ಬೇಸಿಗೆಯಲ್ಲಿ ಅದೇ ನದಿ ಬತ್ತಿ, ಕೊಯ್ನಾದಿಂದ ನೀರು ಬಿಡಿ ಅಂತ ನಮ್ಮ ಸರ್ಕಾರ ಮಹಾರಾಷ್ಟ್ರಕ್ಕೆ ಪತ್ರ ಬರೆಯುವ ಪರಿಸ್ಥಿತಿ ಎಷ್ಟು ಸಲ ಬಂದಿಲ್ಲ! ಆದ್ದರಿಂದ ಪರೀಕ್ಷೆ ಏಪ್ರಿಲ್-ಮೇನಲ್ಲೇ ಆಗಬೇಕು, ಫಲಕದ ಮೇಲೆ ಅಳೆದ ತಿಂಗಳು ಮತ್ತು ವರ್ಷ ಇರಲೇಬೇಕು. ತಿಂಗಳಿಲ್ಲದ ಅಂಕಿಯನ್ನ ನಂಬೋಕಾಗಲ್ಲ. ಕಾಲುವೆಗಂತೂ ಇದು ಇನ್ನೂ ಮುಖ್ಯ, ಅಲ್ಲಿ ನೀರು ಬರೋದೂ ಪಾಳಿಯಲ್ಲೇ.

ಆಮೇಲೆ ದಾರಿ. ತುಂಬಿದ ಗಾಡಿ ಅಂದ್ರೆ ನೀರೇ ನಾಲ್ಕೂವರೆ ಟನ್, ಗಾಡಿಯ ತೂಕ ಬೇರೆ. ಎರೆಮಣ್ಣಿನ ಬಂಡಿದಾರಿಯಲ್ಲಿ ಮಳೆ ಬಿದ್ದ ಮರುದಿನ ಹೋದರೆ ಗಾಡಿ ಎತ್ತೋಕೆ ಇನ್ನೊಂದು ಗಾಡಿ ಬೇಕು. ತಿರುಗಿಸೋಕೆ ಜಾಗ ಇದೆಯಾ, ಗೇಟಿನ ಕೀಲಿ ಯಾರ ಹತ್ತಿರ, ಇಷ್ಟು ನೋಡಿದರೆ ಸಾಕು.

ಕೊನೇದು ಜೋಡಣೆ. 1904ರ ಫೆಬ್ರವರಿಯಲ್ಲಿ ಅಮೆರಿಕದ ಬಾಲ್ಟಿಮೋರ್ ಊರು ಹೊತ್ತಿ ಉರಿಯಿತು. ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್‌ಗಳಿಂದ ರೈಲಿನಲ್ಲಿ ಫೈರ್ ಎಂಜಿನ್ ಬಂದವು. ಬಂದರೂ ಬಾಲ್ಟಿಮೋರಿನ ಹೈಡ್ರೆಂಟಿಗೆ ಅನೇಕರ ಪೈಪು ಕೂರಲಿಲ್ಲ, ಒಂದೊಂದು ಊರಿನ ಮರೆ ಒಂದೊಂದು ಅಳತೆ. 1,500ಕ್ಕೂ ಹೆಚ್ಚು ಕಟ್ಟಡ ಸುಟ್ಟವು. ಗಡಿಯಲ್ಲಿರುವ ನಮಗೆ ಇದು ದೂರದ ಕತೆ ಅನ್ನಿಸಲ್ಲ. ನಿಪ್ಪಾಣಿಗೆ ಬೆಳಗಾವಿಗಿಂತ ಕೊಲ್ಹಾಪುರ ಹತ್ತಿರ, ಕಾಗವಾಡಕ್ಕೆ ಮಿರಜ ಹತ್ತಿರ. ದೊಡ್ಡ ಬೆಂಕಿ ಬಿದ್ದ ದಿನ ಗಾಡಿ ಯಾವ ಕಡೆಯಿಂದ ಬೇಗ ಬರುತ್ತೋ ಆ ಕಡೆಯಿಂದ ಬರಬೇಕು. ಪುಣ್ಯಕ್ಕೆ ನಮ್ಮ ದೇಶದಲ್ಲಿ ಐಎಸ್ 903ರ 63 ಮಿ.ಮೀ. ಕಪ್ಲಿಂಗ್ ಇದೆ, ಎರಡೂ ರಾಜ್ಯಕ್ಕೆ ಒಂದೇ. ಆದರೆ ಅದು ಗಾಡಿಯ ಪೈಪಿಗೆ. ಓವರ್‌ಹೆಡ್ ಟ್ಯಾಂಕಿನ ವಾಶ್‌ಔಟಿಗೆ, ಜಾಕ್‌ವೆಲ್ಲಿನ ಡೆಲಿವರಿಗೆ ಆ ಕಪ್ಲಿಂಗ್ ಇರಲ್ಲ. ಒಂದು ಅಡಾಪ್ಟರ್ ಬೆಸೆದು ಕೊಟ್ಟರೆ ಸಾಕು. ವರ್ಕ್‌ಶಾಪಿನಲ್ಲಿ ನಾವು ಫಿಟ್ಟಿಂಗ್ ಜಾಬ್ ಅಂತ ಚೌಕ ಕಬ್ಬಿಣ ತಿಕ್ಕಿ ತಿಕ್ಕಿ ಎಸೀತೀವಲ್ಲ, ಆ ಹೊತ್ತಿನಲ್ಲಿ ಇಂಥವು ಎಷ್ಟು ಆಗ್ತಿತ್ತೋ.

ಕನ್ನಡ ಕ್ಲಬ್ಬಿನವರು ಬರೀತಿರೋ ಲೇಖನ, ಫಲಕದ ಭಾಷೆ ಯಾವುದು ಅಂತ ಕೇಳದೆ ಬಿಡ್ತೀರಾ? ಬೋರ್ಡಿನ ಭಾಷೆಗೆ ಬಸ್ಸಿಗೆ ಮಸಿ ಬೀಳುವ ಸೀಮೆ ನಮ್ಮದು. ಫಲಕದ ಮೇಲೆ ಕನ್ನಡ ಇರಬೇಕು, ದೊಡ್ಡದಾಗೇ ಇರಬೇಕು, ಅದರಲ್ಲಿ ನಮಗೆ ಎರಡು ಮಾತಿಲ್ಲ. 'ಬೆಂಕಿ ನೀರು' ಅಂತ ಎರಡೇ ಪದ. ಮುಖ್ಯ ಸುದ್ದಿಯನ್ನ ಮಾತ್ರ ಅಂಕಿ ಮತ್ತು ಚಿತ್ರದಲ್ಲೇ ಹೇಳಬೇಕು: ಲೀಟರ್, ಮೀಟರ್, ಮಿಂಚು, ತಿಂಗಳು. ಕೊಲ್ಹಾಪುರದ ಡ್ರೈವರ್ ರಾತ್ರಿ ಎರಡು ಗಂಟೆಗೆ ಹೆಡ್‌ಲೈಟಿನಲ್ಲಿ ಓದಿದರೂ ತಿಳಿಯೋ ಹಾಗೆ. ಆ ಹೊತ್ತಿಗೆ ಅವನು ನಮ್ಮ ಕೊಟ್ಟಿಗೆ ಉಳಿಸೋಕೆ ಬಂದಿರ್ತಾನೆ.

ಆಕ್ಷೇಪಗಳೂ ಇವೆ. "ಕಪ್ಲಿಂಗ್ ಕಳ್ಳತನ ಆಗುತ್ತೆ." ಆಗುತ್ತೆ. ಗನ್‌ಮೆಟಲ್‌ಗೆ ಗುಜರಿಯಲ್ಲಿ ಒಳ್ಳೇ ರೇಟಿದೆ. ಅದಕ್ಕೇ ಅಡಾಪ್ಟರ್ ಜಾಗದಲ್ಲಿ ಬೇಡ, ಗಾಡಿಯಲ್ಲಿರಲಿ. ಜಾಗದಲ್ಲಿ ಫ್ಲೇಂಜ್ ಸಾಕು. "ಟ್ಯಾಂಕರಿನವರು ರಾತ್ರಿ ಬಂದು ತುಂಬಿಸಿಕೊಂಡು ಹೋಗ್ತಾರೆ." ಇದು ನಿಜವಾದ ಭಯ, ಬರಗಾಲದ ವರ್ಷ ಇದಕ್ಕೆ ನಮ್ಮ ಹತ್ತಿರ ಪೂರ್ತಿ ಉತ್ತರ ಇಲ್ಲ. ಟ್ಯಾಂಕಿನ ಕೀಲಿ ವಾಲ್ವ್‌ಮನ್ ಹತ್ತಿರವೇ ಇರಲಿ, ಅವರ ಮೊಬೈಲ್ ನಂಬರ್ ಠಾಣೆಯ ಪಟ್ಟಿಯಲ್ಲಿರಲಿ, ಇಷ್ಟು ಹೇಳಬಹುದು. "ಗೂಗಲ್ ಮ್ಯಾಪಿನಲ್ಲಿ ಪಿನ್ ಹಾಕಿದರೆ ಆಯ್ತಲ್ಲ, ಫಲಕ ಯಾಕೆ?" ಅಂತ ನಮ್ಮ ಕಂಪ್ಯೂಟರ್ ಸೈನ್ಸ್ ಗೆಳೆಯರು ಕೇಳಿದರು. ಪಿನ್ ಹಾಕಿ, ಖಂಡಿತ ಹಾಕಿ. ಆದರೆ ಪಿನ್ ತೋರಿಸೋದು ಜಾಗ. ಕಬ್ಬಿನ ನಡುವೆ ಹೊಗೆಯಲ್ಲಿ ನೆಟ್‌ವರ್ಕ್ ಒಂದು ಗೆರೆ ಇರುವಾಗ ಕೈಗೆ ಸಿಗಬೇಕಾದ್ದು ಬಾವಿಯ ಕಟ್ಟೆಯ ಮೇಲಿನ ಅಂಕಿ. ಮತ್ತೆ ಆ ಫಲಕವನ್ನ ದಿನಾ ನೋಡುವ ಹೊಲದ ಮಾಲೀಕರಿಗೆ, ಶಾಲೆಯ ಹುಡುಗರಿಗೆ ಅದು ಏನು ಅಂತ ಗೊತ್ತಿರುತ್ತೆ. ಠಾಣೆಯ ಕಂಪ್ಯೂಟರಿನಲ್ಲಿರುವ ನಕ್ಷೆ ಅವರಿಗೆ ಕಾಣಲ್ಲ.

ಇನ್ನೊಂದು ಆಕ್ಷೇಪ ನಮಗೇ ಬಂದದ್ದು. ಇದು ಸರ್ಕಾರ ಮಾಡಬೇಕಾದ ಕೆಲಸ, ನಾವ್ಯಾಕೆ ಮೈಮೇಲೆ ಎಳ್ಕೋಬೇಕು? ಫಲಕ ಹಾಕೋದು, ಪ್ರತಿ ವರ್ಷ ಮತ್ತೆ ಪರೀಕ್ಷೆ ಮಾಡೋದು ಇಲಾಖೆಗಳದ್ದೇ; ಅದನ್ನ ನಾವು ಕೈಗೆತ್ತಿಕೊಂಡು ಅವರನ್ನ ಬಿಡುಗಡೆ ಮಾಡೋ ಇರಾದೆ ನಮಗಿಲ್ಲ. ಮೊದಲ ಸಲದ ಅಳತೆ ಮಾತ್ರ ನಾವು ಮಾಡಿ ಮುಂದಿಟ್ಟರೆ "ಮಾಹಿತಿ ಇಲ್ಲ" ಅನ್ನೋ ಉತ್ತರ ಬರೋಕೆ ಜಾಗ ಇರಲ್ಲ. ಜೊತೆಗೆ ನಮಗೂ ಒಂದು ಸ್ವಾರ್ಥ ಇದೆ, ಮುಚ್ಚಿಡೋದೇನು. ವಿಟಿಯು ಪದವಿ ಕೈಗೆ ಬರಬೇಕಾದರೆ ಏಐಸಿಟಿಇ ಚಟುವಟಿಕೆಯ 100 ಅಂಕ ಬೇಕು, ಲ್ಯಾಟರಲ್ ಎಂಟ್ರಿಯವರಿಗೆ 75. ಆ ಪಟ್ಟಿಯಲ್ಲಿ ನೀರಿನ ನಿರ್ವಹಣೆಯೂ ಒಂದು. ಕೊನೇ ಸೆಮಿಸ್ಟರಿನಲ್ಲಿ ಗಡಿಬಿಡಿಯಾಗಿ ಒಂದೇ ಸಸಿಯ ಸುತ್ತ ನಲವತ್ತು ಜನ ನಿಂತು ಫೋಟೋ ತೆಗೆಸಿಕೊಂಡು ವರದಿ ಬರೆಯೋದನ್ನ ನಾವೆಲ್ಲ ನೋಡಿದ್ದೀವಿ. ಆ ಸಸಿಗೆ ಆಮೇಲೆ ನೀರು ಹಾಕಿದವರು ಯಾರು ಅಂತ ಯಾವ ವರದಿಯಲ್ಲೂ ಇಲ್ಲ.

ಏಪ್ರಿಲ್ 14 ಅಗ್ನಿಶಾಮಕ ಸೇವಾ ದಿನ. 1944ರಲ್ಲಿ ಮುಂಬಯಿ ಬಂದರಿನಲ್ಲಿ ಹಡಗು ಸ್ಫೋಟಿಸಿ ಬೆಂಕಿ ಆರಿಸೋಕೆ ಹೋದ ಸಿಬ್ಬಂದಿ ಸತ್ತ ದಿನ ಅದು. ಅಲ್ಲಿಂದ 20ರವರೆಗೆ ಸಪ್ತಾಹ. ಠಾಣೆಯವರು ಶಾಲೆ ಕಾಲೇಜಿಗೆ ಬಂದು ಪ್ರಾತ್ಯಕ್ಷಿಕೆ ತೋರಿಸ್ತಾರೆ, ನಾವು ಚಪ್ಪಾಳೆ ಹೊಡೆದು ರೀಲ್ಸ್ ಮಾಡ್ತೀವಿ. ಬರುವ ಸಪ್ತಾಹಕ್ಕೆ ಪ್ರತಿ ತಾಲ್ಲೂಕಿಂದ ಇಪ್ಪತ್ತು ಜಾಗದ ಅಳತೆ ಸಿದ್ಧವಾಗಿರಬೇಕು, ಒಟ್ಟು ನೂರು; ಅದನ್ನ ಆಯಾ ಠಾಣಾಧಿಕಾರಿಗೆ, ತಹಶೀಲ್ದಾರರಿಗೆ, ಪುರಸಭೆ-ಪಂಚಾಯಿತಿಗೆ ಒಂದೇ ನಮೂನೆಯಲ್ಲಿ ಕೊಡಬೇಕು ಅನ್ನೋದು ನಮ್ಮ ಯೋಚನೆ. ನಮೂನೆ ಕನ್ನಡದಲ್ಲಿ ತಯಾರಾಗಿದೆ, ಒಂದೇ ಪುಟ. ಹೊಲದ ಮಾಲೀಕರ ಒಪ್ಪಿಗೆ ಇಲ್ಲದೆ ಯಾವ ಬಾವಿಯ ಹತ್ತಿರವೂ ಹೋಗೋ ಹಾಗಿಲ್ಲ, ಒಬ್ಬರೇ ಹೋಗೋ ಹಾಗಂತೂ ಇಲ್ಲವೇ ಇಲ್ಲ. ಓವರ್‌ಹೆಡ್ ಟ್ಯಾಂಕಿನ ವಾಲ್ವ್ ಮುಟ್ಟಬೇಕಾದರೆ ವಾಲ್ವ್‌ಮನ್ ಎದುರಿಗಿರಬೇಕು. ಆ ದಿನ ಆ ಓಣಿಗೆ ನೀರು ಬಿಡುವ ಪಾಳಿ ಇದೆಯಾ ಅಂತ ಮೊದಲೇ ಕೇಳಿಕೊಂಡು ಹೋಗಿ, ಇಲ್ಲಾಂದ್ರೆ ಓಣಿಯ ಹೆಣ್ಣುಮಕ್ಕಳ ಕೈಲಿ ಬೈಗುಳ ಗ್ಯಾರಂಟಿ.

ಚಿಕ್ಕೋಡಿಗೆ, ನಿಪ್ಪಾಣಿಗೆ ಜನ ಆಗಿದ್ದಾರೆ. ರಾಯಬಾಗಕ್ಕೆ ಒಬ್ಬರು, ಕಾಗವಾಡಕ್ಕೆ ಇಬ್ಬರು ಬೇಕು. ಅಥಣಿಯ ಪೂರ್ವ ಭಾಗಕ್ಕೆ ಬೈಕ್ ಇರುವ ನಾಲ್ಕು ಜನ ಬೇಕು, ಅಲ್ಲಿ ಊರಿಂದ ಊರಿಗೆ ದೂರ. ಬರುವವರು 15 ಮೀಟರ್ ಹಗ್ಗಕ್ಕೆ ಮೀಟರಿಗೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ ತನ್ನಿ. ಏಳನೇ ಗಂಟಿಗೆ ಕೆಂಪು ದಾರ ಸುತ್ತಿರಲಿ.